ಕೂದಲು ಉದುರಿದ ಮೇಲೆ ಗೊತ್ತಾದದ್ದು

ಈ ಸಲ ನಾವು ಮಾತಾಡೋದು ಸ್ಕ್ಯಾನ್ ಯಂತ್ರಗಳನ್ನೇ ಪರೀಕ್ಷೆ ಮಾಡೋ ಮೆಡಿಕಲ್ ಫಿಸಿಸಿಸ್ಟ್‌ಗಳ ಬಗ್ಗೆ.

2009ರಲ್ಲಿ ಲಾಸ್ ಏಂಜಲಿಸ್‌ನ ಆಸ್ಪತ್ರೆಯೊಂದರಲ್ಲಿ ಮೆದುಳಿನ ಸಿಟಿ ಮಾಡಿಸಿಕೊಂಡಿದ್ದ ರೋಗಿಯೊಬ್ಬರ ಕೂದಲು ಉದುರಿತು. ಹುಡುಕಿ ನೋಡಿದರೆ, 18 ತಿಂಗಳಲ್ಲಿ 206 ಜನರಿಗೆ ಸುಮಾರು ಎಂಟು ಪಟ್ಟು ವಿಕಿರಣ ಬಿದ್ದಿತ್ತು. 0.5 ಗ್ರೇ ಇರಬೇಕಾದಲ್ಲಿ 3ರಿಂದ 4 ಗ್ರೇ! ಸೆಟ್ಟಿಂಗ್ ತಪ್ಪಿತ್ತು, ಅಷ್ಟೇ. ಡೋಸ್ ಹೆಚ್ಚಾದರೆ ಸಿಟಿ ಚಿತ್ರ ಇನ್ನೂ ಚೆನ್ನಾಗೇ ಬರುತ್ತೆ. ಚಿತ್ರ ನೋಡಿ ತಪ್ಪು ಹಿಡಿಯೋದು ಕಷ್ಟ.

ಅದಕ್ಕೇ ಫಿಸಿಸಿಸ್ಟ್, ತಲೆ ಗಾತ್ರದ ಪ್ಲಾಸ್ಟಿಕ್ ದಿಂಡನ್ನು (ಹೆಸರು ಫ್ಯಾಂಟಮ್, ಹೆದರಬೇಡಿ) ಯಂತ್ರದೊಳಗಿಟ್ಟು, ಪರದೆ ತೋರಿಸೋ ಡೋಸ್ ನಿಜವಾ ಅಂತ ಅಳೀತಾರೆ. ಕ್ಯಾಲಿಫೋರ್ನಿಯಾದಲ್ಲಿ ಈಗ ಈ ತಾಳೆ ವರ್ಷಕ್ಕೊಮ್ಮೆ ಆಗಲೇಬೇಕು. 2012ರಿಂದ ಪ್ರತಿ ಸಿಟಿಯ ಡೋಸ್ ದಾಖಲಾಗಬೇಕು. ಅಲ್ಲಿರೋರು ನಿಮ್ಮ ರಿಪೋರ್ಟಲ್ಲಿ ‘ಡಿಎಲ್‌ಪಿ’ ಅಂತ ಇರೋ ಸಾಲು ಹುಡುಕಿ ನೋಡಿ.