ಕ್ಷಯಾಣುವಿನ ಆಯಕಟ್ಟಿನ ಜಾಗ

ಕ್ಷಯಕ್ಕೆ ಐಸೋನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಇವತ್ತಿಗೂ ಆರು ತಿಂಗಳ ಚಿಕಿತ್ಸೆಯಲ್ಲಿ ಆ ಮಾತ್ರೆ ಇದ್ದೇ ಇದೆ. ಕ್ಷಯಾಣುವಿನ ಮೈಗೆ ಮೈಕೋಲಿಕ್ ಆಮ್ಲದ ಮೇಣದಂಥ ಹೊದಿಕೆ ಇರುತ್ತದೆ. ಅದನ್ನು ತಯಾರಿಸಲು ಬೇಕಾದ ಇನ್‌ಹೆಚ್‌ಎ ಎಂಬ ಪ್ರೋಟೀನನ್ನು ಔಷಧ ಕಟ್ಟಿಹಾಕುತ್ತದೆ. ಸ್ವಾರಸ್ಯವೆಂದರೆ, ನುಂಗಿದ ಮಾತ್ರೆಗೆ ತಾನಾಗಿ ಆ ಶಕ್ತಿಯಿಲ್ಲ. ಕ್ಷಯಾಣುವಿನದೇ ಇನ್ನೊಂದು ಪ್ರೋಟೀನು, ಕ್ಯಾಟ್‌ಜಿ, ಅದನ್ನು ಚುರುಕುಗೊಳಿಸಬೇಕು. ಕ್ಯಾಟ್‌ಜಿ ಕೆಟ್ಟರೆ ಇನ್‌ಹೆಚ್‌ಎ ಇದ್ದ ಹಾಗೇ ಇದ್ದರೂ ಮದ್ದು ನಾಟುವುದಿಲ್ಲ. ಈ ಔಷಧಕ್ಕೆ ಬಗ್ಗದ ಕ್ಷಯದಲ್ಲಿ ಹೆಚ್ಚಾಗಿ ಆಗಿರುವುದು ಇದೇ.

ಹಾಗಾಗಿ ಮದ್ದು ಹೊಡೆಯುವ ಗುರಿಯನ್ನಷ್ಟೇ ನೋಡಿದರೆ ಸಾಲದು, ಅದರ ನಂಟುಗಳನ್ನೂ ನೋಡಬೇಕು. ಗೊರೇಬಾಳ, ಸಿಂಧನೂರು, ಮಸ್ಕಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಯಾವ ಗೇಟು ಇಳಿಸಿದರೆ ಕೊನೆಭಾಗದ ಯಾರ ಭತ್ತ ಒಣಗುತ್ತದೆ, ಯಾವುದನ್ನು ಮುಚ್ಚಿದರೂ ನೀರು ಬೇರೆ ದಾರಿಯಲ್ಲಿ ಬಂದೇ ಬರುತ್ತದೆ ಎಂಬುದು ಅಲ್ಲಿನ ರೈತರಿಗೆ ಬಾಯಿಪಾಠ.

ಕ್ಷಯಾಣುವಿನೊಳಗಿನ ಇಂಥದೇ ಜಾಲವನ್ನು ಅರಿಯಲು ಬೇಕಾದ, ಅದರ ಸುಮಾರು 4,000 ಜೀನುಗಳ ಪಟ್ಟಿ 1998ರಲ್ಲಿ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗಸುಮಾ ಚಂದ್ರ, ಕಾರ್ತಿಕ್ ರಾಮನ್ ಮತ್ತು ಸಂಗಡಿಗರು 2005ರಲ್ಲಿ ಮೈಕೋಲಿಕ್ ಆಮ್ಲ ತಯಾರಾಗುವ ದಾರಿಯನ್ನು 219 ರಾಸಾಯನಿಕ ಕ್ರಿಯೆಗಳ ಜಾಲವಾಗಿ ಕಂಪ್ಯೂಟರಿನಲ್ಲಿ ಕಟ್ಟಿದರು. ಒಂದೊಂದೇ ಜೀನನ್ನು ಅಲ್ಲೇ ಕಿತ್ತು, ಯಾವುದಿಲ್ಲದೆ ಉತ್ಪಾದನೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದರು. 2008ರಲ್ಲಿ ಕಾಳಿದಾಸ್ ಯೇತೂರು ಅವರೊಡನೆ ಇಡೀ ಕ್ಷಯಾಣುವನ್ನೇ ಜರಡಿಗೆ ಹಾಕಿದರು. ಆ ಕೆಲಸದ ಹೆಸರು ‘ಟಾರ್ಗೆಟ್‌ಟಿಬಿ’.

ಅದರಲ್ಲಿ ನನಗೆ ಹಿಡಿಸಿದ್ದು ಆರಿಸಿದ ಬಗೆಗಿಂತ ಕೈಬಿಟ್ಟ ಬಗೆ. ಕ್ಷಯಾಣು ಬದುಕಲು ಬೇಕೇ ಬೇಕಾದ ಪ್ರೋಟೀನು ಎಂದಮಾತ್ರಕ್ಕೆ ಅದು ಪಾಸಾಗಲಿಲ್ಲ. ಮನುಷ್ಯನಲ್ಲಿ ಅದನ್ನು ಹೋಲುವಂಥದ್ದು ಇದ್ದರೆ ಹೊರಗೆ: ಮದ್ದು ರೋಗಿಗೇ ತಗಲೀತು. ಔಷಧದ ಅಣು ಕೂರುವ ಕುಳಿಯ ಆಕಾರವನ್ನೂ ತಾಳೆ ನೋಡಿದರು. ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳ ಪ್ರೋಟೀನುಗಳಿಗೂ ಹೋಲಿಕೆ ಇರಬಾರದು. ಕೊನೆಗೆ ಉಳಿದದ್ದು 451 ಪ್ರೋಟೀನುಗಳು.

ಇವು ಗುರಿಗಳು, ಮದ್ದುಗಳಲ್ಲ. ಜಾಲ ಹಿಡಿದೇ ಔಷಧ ಹುಡುಕಬೇಕೆಂದೂ ಇಲ್ಲ. 2012ರಲ್ಲಿ ಅಮೆರಿಕದಲ್ಲಿ ಮಂಜೂರಾದ ಬೆಡಾಕ್ವಿಲಿನ್ ಸಿಕ್ಕಿದ್ದು ರಾಸಾಯನಿಕಗಳನ್ನು ನೇರವಾಗಿ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡಿದಾಗ. ಅದು ಬ್ಯಾಕ್ಟೀರಿಯಾದ ಶಕ್ತಿ ತಯಾರಿಸುವ ಎಟಿಪಿ ಸಿಂಥೇಸ್‌ಗೆ ಬಡಿಯುತ್ತದೆ ಎಂಬುದು ತಿಳಿದದ್ದು ಆಮೇಲೆ.

ಆದರೆ ಬೆಡಾಕ್ವಿಲಿನ್‌ಗೂ ಕ್ಷಯಾಣು ತಿರುಗಿಬಿದ್ದಿದೆ, ಅದೂ ಹಲವು ಸಲ ಎಟಿಪಿ ಸಿಂಥೇಸನ್ನು ಮುಟ್ಟದೆಯೇ. ಒಳಬಂದ ಔಷಧವನ್ನು ಹೊರದಬ್ಬುವ ಪಂಪುಗಳನ್ನು ಹೆಚ್ಚಿಸಿಕೊಂಡರೆ ಅದಕ್ಕೆ ಸಾಕು. ಔಷಧ ತಗಲಿದ ಸುದ್ದಿ ಇಂಥ ಪಂಪುಗಳಿಗೆ ಜಾಲದ ಯಾವ ಹಾದಿಯಲ್ಲಿ ಮುಟ್ಟೀತು ಎಂದು ರಾಮನ್ ಮತ್ತು ಚಂದ್ರ 2008ರಲ್ಲೇ ಹುಡುಕಿದ್ದರು. ಆ ಹಾದಿಗಳು ಕೂಡುವೆಡೆಯ ಪ್ರೋಟೀನನ್ನೂ ಮೊದಲ ಗುರಿಯ ಜೊತೆಗೇ, ಒಂದೇ ಹೊತ್ತಿಗೆ ಹೊಡೆಯಬೇಕೆಂಬುದು ಅವರ ಸಲಹೆ.