ಹುಟ್ಟುವ ಮೊದಲೇ ಸಾವಿನ ಲೆಕ್ಕ

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರ ಎಂಬ ಪುಟ್ಟ ವಿಭಾಗವಿದೆ. ಕಣಗಳನ್ನು ಡಿಕ್ಕಿ ಹೊಡೆಸುವ ಮಹಾಯಂತ್ರ ಇಲ್ಲಿಲ್ಲ. ಅದಿರುವುದು ಜಿನೀವಾ ಬಳಿ, ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ. ಅಲ್ಲಿ ಯಾವ ಕಣ ಎಷ್ಟು ಸಲ ಹುಟ್ಟೀತು, ಹುಟ್ಟಿದ್ದು ಯಾವ ಯಾವ ಕಣಗಳಾಗಿ ಒಡೆದೀತು ಎಂದು ಮುಂಚೆಯೇ ಲೆಕ್ಕ ಹಾಕಿಡುವವರು ಇಂಥ ಕೇಂದ್ರಗಳಲ್ಲಿ ಕೂತಿರುತ್ತಾರೆ. ಆ ಪೈಕಿ ಒಬ್ಬರಾಗಿದ್ದವರು ರೋಹಿಣಿ ಗೋಡ್ಬೋಲೆ. ಈ ಲೇಖನಕ್ಕೆ ಕಾರಣವೂ ಅವರೇ.

ಮೊದಲು ಕೇಂದ್ರದ ಪೂರ್ವಕಥೆ. 1970ರ ದಶಕದ ಆರಂಭದಲ್ಲಿ, ಸತೀಶ್ ಧವನ್ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಇ.ಸಿ.ಜಿ. ಸುದರ್ಶನ್ ಇಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಕೇರಳದಲ್ಲಿ ಹುಟ್ಟಿದ ಸುದರ್ಶನ್ 1957ರಲ್ಲೇ ರಾಬರ್ಟ್ ಮಾರ್ಷಕ್ ಜೊತೆ ದುರ್ಬಲ ಬಲದ ಸ್ವರೂಪವನ್ನು ವಿವರಿಸಿದ್ದವರು. ನ್ಯೂಟ್ರಾನ್ ಒಡೆದು ಪ್ರೋಟಾನ್ ಆಗುವಂಥ ಕ್ಷಯಗಳೆಲ್ಲ ನಡೆಯುವುದು ಆ ಬಲದಿಂದ. ಅಂದರೆ, ಕಣಗಳ ಸಾವಿನ ಲೆಕ್ಕ ಈ ಮನೆಗೆ ಮೂಲಪುರುಷರಿಂದಲೇ ಬಂದದ್ದು. ಇಂದಿನ ಕೇಂದ್ರ ಆ ಬೇರಿನ ಚಿಗುರು.

ಈ ಲೆಕ್ಕದ ಸ್ವಭಾವ ತುಸು ವಿಚಿತ್ರ. ಪಂಚಾಂಗ ಬರೆಯುವವರು ಗ್ರಹಣ ಹಿಡಿಯುವ ಗಳಿಗೆಯನ್ನೇ ಹೇಳಿಬಿಡುತ್ತಾರೆ. ಕಣಶಾಸ್ತ್ರದವರು ಒಂದು ನಿರ್ದಿಷ್ಟ ಕಣ ಯಾವಾಗ, ಹೇಗೆ ಒಡೆಯುತ್ತದೆಂದು ಹೇಳಲಾರರು. ಅಂಥವು ಹತ್ತು ಸಾವಿರ ಸಿಕ್ಕರೆ ಎಷ್ಟು ಯಾವ ದಾರಿಯಲ್ಲಿ ಹೋದಾವು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲರು. 1940ರ ದಶಕದ ಕೊನೆಯಲ್ಲಿ ರಿಚರ್ಡ್ ಫೈನ್‌ಮನ್ ಕಲಿಸಿಕೊಟ್ಟ ರೇಖಾಚಿತ್ರಗಳನ್ನು ಬರೆದು, ಪ್ರತಿ ಗೆರೆಗೆ, ಪ್ರತಿ ಸಂಧಿಗೆ ತಕ್ಕ ಪದವಿಟ್ಟು, ಎಲ್ಲವನ್ನೂ ಕೂಡಿ, ಮೊತ್ತದ ವರ್ಗ ತೆಗೆಯಬೇಕು. ಪ್ರೋಟಾನಿನೊಳಗೆ ಕ್ವಾರ್ಕ್, ಗ್ಲುವಾನ್‌ಗಳು ಹೇಗೆ ಹಂಚಿಹೋಗಿವೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಮೊದಲ ಅಂದಾಜಿಗೇ ನಿಂತರೆ ಉತ್ತರ ಕೈಕೊಡುತ್ತದೆ. ಎರಡು ಗ್ಲುವಾನ್‌ಗಳು ಸೇರಿ, ಮೂಲಕಣಗಳಿಗೆ ತೂಕ ಬರುವ ಬಗೆಯ ಗುರುತಾದ ಹಿಗ್ಸ್ ಬೋಸಾನ್ ಹುಟ್ಟುವ ಪ್ರಮಾಣ, ಮುಂದಿನ ತಿದ್ದುಪಡಿಗಳನ್ನು ಸೇರಿಸಿದಾಗ ಹೆಚ್ಚುಕಡಿಮೆ ಎರಡು ಪಟ್ಟಾಯಿತು! ಆ ತಿದ್ದುಪಡಿಗಳ ಎರಡನೆಯ ಮಜಲನ್ನು ಮೊದಲಿಗೆ ಲೆಕ್ಕ ಹಾಕಿದ ಕೆಲವೇ ತಂಡಗಳಲ್ಲಿ ಒಂದರಲ್ಲಿ ಭಾರತದ ವಿ. ರವೀಂದ್ರನ್ ಇದ್ದರು.

ಹಿಗ್ಸ್ ಎಲ್ಲಿ ಹೇಗೆ ಸಿಕ್ಕೀತೆಂದು ಜಾನ್ ಎಲ್ಲಿಸ್, ಮೇರಿ ಗೈಲಾರ್ಡ್, ದಿಮಿತ್ರಿ ನಾನೊಪೌಲೋಸ್ 1976ರಲ್ಲೇ ವಿವರವಾಗಿ ಬರೆದಿದ್ದರು. ಅದರ ತೂಕ ಎಷ್ಟೆಂದು ಹೇಳಲಾಗದ್ದಕ್ಕೆ ಪ್ರಯೋಗ ಮಾಡುವವರ ಕ್ಷಮೆಯನ್ನೂ ಕೇಳಿದ್ದರು. ತೂಕವೊಂದು ತಿಳಿದರೆ ಸಾಕು, ಉಳಿದದ್ದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಪ್ರೋಟಾನಿನ ಸುಮಾರು 133 ಪಟ್ಟು ತೂಗುವ ಹಿಗ್ಸ್, ನೂರಕ್ಕೆ 58 ಸಲ ಬಾಟಮ್ ಕ್ವಾರ್ಕ್ ಜೋಡಿಯಾಗಿ ಒಡೆಯಬೇಕು. ಬೆಳಕಿನ ಕಣಗಳಾದ ಎರಡು ಫೋಟಾನ್‌ಗಳಾಗುವುದು ಹತ್ತು ಸಾವಿರಕ್ಕೆ 23 ಸಲ ಮಾತ್ರ. ಆದರೂ 2012ರ ಜುಲೈ 4ರಂದು ಹಿಗ್ಸ್ ಇದೆಯೆಂದು ಸಾರಿದಾಗ ಮುಖ್ಯ ಸಾಕ್ಷಿಗಳಲ್ಲಿ ಒಂದಾಗಿದ್ದುದು ಈ ಅಪರೂಪದ ಫೋಟಾನ್ ಜೋಡಿ. ಬಾಟಮ್ ಕ್ವಾರ್ಕ್ ಜೋಡಿಗಳು ಬೇರೆ ಕಾರಣಗಳಿಂದಲೂ ರಾಶಿ ರಾಶಿ ಹುಟ್ಟುವುದರಿಂದ ಆ ದಾರಿ ಖಚಿತವಾಗಿ ಕಂಡದ್ದು 2018ರಲ್ಲಿ. ಯಾವುದು ಹೆಚ್ಚು ನಡೆಯುತ್ತದೆ ಎಂಬುದಕ್ಕಿಂತ ಯಾವುದು ಸ್ಪಷ್ಟವಾಗಿ ಕಾಣುತ್ತದೆ ಎಂದು ತಿಳಿಸುವುದೇ ಈ ಕಸುಬಿನ ಹಿರಿಮೆ.

ರೋಹಿಣಿ ಅವರ ಬುದ್ಧಿ ಹರಿತವಾಗಿದ್ದುದು ಇಲ್ಲೇ. ಪುಣೆಯಲ್ಲಿ 1952ರಲ್ಲಿ ಹುಟ್ಟಿ, ಮುಂಬೈ ಐಐಟಿಯಲ್ಲಿ ಓದಿ, ಅಮೆರಿಕದ ಸ್ಟೋನಿ ಬ್ರೂಕ್‌ನಲ್ಲಿ 1979ರಲ್ಲಿ ಡಾಕ್ಟರೇಟ್ ಮುಗಿಸಿ ದೇಶಕ್ಕೆ ಮರಳಿದರು. 1995ರಲ್ಲಿ ಬೆಂಗಳೂರಿಗೆ ಬರುವ ಮೊದಲೇ ಅವರ ಹೆಸರಿನಲ್ಲಿ ಒಂದು ಪರಿಣಾಮವಿತ್ತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ನೇರ ಸಾಲಿನಲ್ಲಿ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವ ಭಾವೀ ಯಂತ್ರಗಳಲ್ಲಿ ಗದ್ದಲ ಕಡಿಮೆ, ಫಲಿತಾಂಶ ಶುಭ್ರ ಎಂದು ಎಲ್ಲರೂ ನಂಬಿದ್ದ ಕಾಲ. ರೋಹಿಣಿ ಮತ್ತು ಮಾನ್ಯುಯೆಲ್ ಡ್ರೀಸ್ 1991ರಲ್ಲಿ ಹಾಗಲ್ಲ ಎಂದರು. ಒತ್ತೊತ್ತಾಗಿ ಬರುವ ಎರಡು ಕಣಗುಂಪುಗಳು ಒಂದನ್ನೊಂದು ಹಾಯುವಾಗ ಫೋಟಾನ್‌ಗಳನ್ನು ಚೆಲ್ಲುತ್ತವೆ. ಫೋಟಾನ್ ಕ್ಷಣಕಾಲ ಕ್ವಾರ್ಕ್ ಜೋಡಿಯಂತೆ ವರ್ತಿಸಬಲ್ಲದು. ಅಂಥ ಎರಡು ಫೋಟಾನ್‌ಗಳು ಡಿಕ್ಕಿ ಹೊಡೆದರೆ ಬೇಡದ ಕಣಗಳ ಮಳೆ. ಕೆಲವು ವಿನ್ಯಾಸಗಳಲ್ಲಿ ಈ ಮಳೆಯೇ ಪ್ರಯೋಗವನ್ನು ಮುಳುಗಿಸೀತು ಎಂದು ಅವರು ಅಂಕಿಗಳೊಡನೆ ತೋರಿಸಿದರು. ಇಂಥ ಯಂತ್ರಗಳ ವಿನ್ಯಾಸಕಾರರು ಅಂದಿನಿಂದ ಡ್ರೀಸ್–ಗೋಡ್ಬೋಲೆ ಪರಿಣಾಮವನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಯಿತು. ಇನ್ನೂ ಕಟ್ಟದ ಯಂತ್ರದ ದೋಷವನ್ನು ಕಾಗದದ ಮೇಲೆ ಹಿಡಿದ ಈ ಕೆಲಸ ನನಗೆ ಯಾವ ಆವಿಷ್ಕಾರಕ್ಕೂ ಕಡಿಮೆಯಲ್ಲ.

ನನ್ನನ್ನು ಇನ್ನೂ ಹೆಚ್ಚು ಸೆಳೆದದ್ದು 2006ರ ಕೆಲಸ. ಎಲ್ಲಕ್ಕಿಂತ ಭಾರದ ಟಾಪ್ ಕ್ವಾರ್ಕ್ ಬೇರೆ ಕ್ವಾರ್ಕ್‌ಗಳ ಸಂಗ ಕಟ್ಟುವಷ್ಟೂ ಹೊತ್ತು ಬಾಳುವುದಿಲ್ಲ. ಹಾಗಾಗಿ ತಾನು ಯಾವ ದಿಕ್ಕಿಗೆ ತಿರುಗುತ್ತಿದ್ದೆ ಎಂಬ ಗುಟ್ಟನ್ನು ನೇರವಾಗಿ ತನ್ನಿಂದ ಹುಟ್ಟಿದ ಕಣಗಳಿಗೆ ದಾಟಿಸುತ್ತದೆ. ಆದರೆ ತೊಡಕೊಂದಿದೆ. ಲೆಕ್ಕಕ್ಕಿಂತ ಭಿನ್ನವಾದುದು ಕಂಡರೆ ತಪ್ಪಿದ್ದು ಹುಟ್ಟಿನಲ್ಲೋ ಸಾವಿನಲ್ಲೋ ಹೇಗೆ ತಿಳಿಯುವುದು? ಸೌರಭ್ ರಿಂದಾನಿ, ರಿತೇಶ್ ಸಿಂಗ್ ಜೊತೆಗೂಡಿ ರೋಹಿಣಿ ಒಂದು ದಾರಿ ತೋರಿದರು: ಟಾಪ್ ಒಡೆದಾಗ ಹೊರಬರುವ ಎಲೆಕ್ಟ್ರಾನ್ ಅಥವಾ ಮ್ಯುವಾನ್ ಯಾವ ಕೋನದಲ್ಲಿ ಹೋಗುತ್ತದೆಂದು ಅಳೆಯಿರಿ. ಕ್ಷಯದಲ್ಲಿ ಸಣ್ಣಪುಟ್ಟ ಹೊಸತೇನೇ ಅಡಗಿದ್ದರೂ ಆ ಕೋನಗಳ ಹಂಚಿಕೆ ಕದಲುವುದಿಲ್ಲ. ಅದು ಹುಟ್ಟಿನ ಕಥೆಯನ್ನಷ್ಟೇ ಹೇಳುತ್ತದೆ.

ಲೆಕ್ಕದಾಚೆಗೆ ರೋಹಿಣಿ ಇನ್ನೊಂದು ಕೆಲಸವನ್ನೂ ಮಾಡಿದರು. ರಾಮ್ ರಾಮಸ್ವಾಮಿ ಅವರೊಡನೆ ಸಂಪಾದಿಸಿದ ‘ಲೀಲಾವತೀಸ್ ಡಾಟರ್ಸ್’ 2008ರಲ್ಲಿ ಹೊರಬಂತು. ಸುಮಾರು ನೂರು ಭಾರತೀಯ ವಿಜ್ಞಾನಿ ಹೆಣ್ಣುಮಕ್ಕಳ ಬದುಕು ಅದರಲ್ಲಿದೆ. 2019ರಲ್ಲಿ ಪದ್ಮಶ್ರೀ ಬಂತು. 2024ರ ಅಕ್ಟೋಬರ್ 25ರಂದು ಅವರು ಪುಣೆಯಲ್ಲಿ ತೀರಿಕೊಂಡರು.

ಈ ಕಸುಬಿಗೀಗ ಸುಭಿಕ್ಷದ ಕಾಲವಲ್ಲ. ಡ್ರೀಸ್, ಪ್ರೊಬೀರ್ ರಾಯ್ ಜೊತೆ ರೋಹಿಣಿ ದಪ್ಪ ಪಠ್ಯವನ್ನೇ ಬರೆದ, ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣವಿದೆಯೆನ್ನುವ ಸೂಪರ್‌ಸಿಮೆಟ್ರಿಯ ಕಣಗಳು ಇದುವರೆಗೆ ಸಿಕ್ಕಿಲ್ಲ. ನೇರ ಸಾಲಿನ ಮಹಾಯಂತ್ರ ಇನ್ನೂ ಎದ್ದಿಲ್ಲ. ಬುದ್ಧಿವಂತ ಮಕ್ಕಳನ್ನು ಸಾಫ್ಟ್‌ವೇರ್ ಎಳೆದುಕೊಳ್ಳುತ್ತದೆ. ಮೂಲವಿಜ್ಞಾನ ಓದುತ್ತೇನೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ಸಂಬಳವನ್ನು. ಆದರೂ ಜಿನೀವಾ ಬಳಿಯ ಆ ಮಹಾಯಂತ್ರವನ್ನು ನಡೆಸುವ ಸರ್ನ್ ಪ್ರಯೋಗಾಲಯಕ್ಕೆ 2017ರಿಂದ ಭಾರತ ಸಹಸದಸ್ಯ. ಅಲ್ಲಿ ಸಿಗುವ ಮಾಹಿತಿಯನ್ನು ಓದಿ ಹೇಳಲು ಲೆಕ್ಕ ಬಲ್ಲವರು ಬೇಕೇ ಬೇಕು, ಮತ್ತು ಅವರಿಗೆ ತಗಲುವ ಖರ್ಚು ಯಂತ್ರದ ಖರ್ಚಿನ ಮುಂದೆ ಏನೂ ಅಲ್ಲ.

ಸಂಸ್ಥೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಬೇಸಿಗೆಯ ಹೊಸ್ತಿಲಲ್ಲಿ, ಸಾರ್ವಜನಿಕರಿಗಾಗಿ ಮುಕ್ತ ದಿನ ನಡೆಸುತ್ತದೆ. ಮಕ್ಕಳನ್ನು ಕರೆದೊಯ್ಯಿರಿ, ಹೆಣ್ಣುಮಕ್ಕಳನ್ನು ತಪ್ಪದೆ. ರೋಬಾಟ್, ಡ್ರೋನ್ ನೋಡಿದ ಮೇಲೆ ಈ ಕೇಂದ್ರದ ದಾರಿಯನ್ನೂ ಕೇಳಿಕೊಂಡು ಹೋಗಿ, ಅಲ್ಲಿ ಸಿಕ್ಕವರನ್ನು ಕಣಗಳ ಬಗ್ಗೆ ಮಾತಾಡಿಸಿ.