ಹೆಸರಿನ ಪರೀಕ್ಷಕರು ಏನನ್ನು ನೋಡುತ್ತಾರೆ?



2019ರಲ್ಲಿ ನಮ್ಮ ಹೋಟೆಲಿನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದಾಗ ಮೊದಲು ಬಂದದ್ದು ಸರ್ಟಿಫಿಕೇಟ್ ಅಲ್ಲ, ಆಕ್ಷೇಪಣೆಯ ಕಾಗದ. ನಮ್ಮದನ್ನೇ ಹೋಲುವ ಹೆಸರು ಬೇರೊಬ್ಬರಿಗೆ ಆಗಲೇ ರಿಜಿಸ್ಟರ್ ಆಗಿದೆ, ಅವರು 2001ರಿಂದ ನಡೆಸುತ್ತಿದ್ದಾರೆ ಎಂದು ಅದರಲ್ಲಿತ್ತು. 1996ರಿಂದ ಮುಂಬಯಿಯಲ್ಲಿ ಅದೇ ಬೋರ್ಡಿನ ಕೆಳಗೆ ಇಡ್ಲಿ ಬಡಿಸಿದ ನಮಗೆ ಸಿಟ್ಟು ಬಾರದೆ ಇದ್ದೀತೇ? ವಕೀಲರು ಕೂರಿಸಿ ತಿಳಿಸಿದರು: ಪರೀಕ್ಷಕರು ನಿಮ್ಮಲ್ಲಿಗೆ ಬಂದು ಕಾಫಿ ಕುಡಿದು ನೋಡುವುದಿಲ್ಲ, ಅವರ ಮುಂದಿರುವುದು ನೀವು ಕೊಟ್ಟ ಕಾಗದ ಮಾತ್ರ.

ಈ ಪರೀಕ್ಷಕರಿಗೂ ಶಾಲೆಯಿದೆ. ನಾಗಪುರದ ರಾಜೀವ್ ಗಾಂಧಿ ರಾಷ್ಟ್ರೀಯ ಬೌದ್ಧಿಕ ಸಂಪದ ನಿರ್ವಹಣಾ ಸಂಸ್ಥೆಯಲ್ಲಿ ಪೇಟೆಂಟ್ ನೋಡುವವರಿಗೂ ಟ್ರೇಡ್‌ಮಾರ್ಕ್ ನೋಡುವವರಿಗೂ ಕೇಂದ್ರ ಸರಕಾರ ತರಬೇತಿ ಕೊಡಿಸುತ್ತದೆ. ಪೇಟೆಂಟ್ ವಿಷಯ ನಮಗೆ ಅಷ್ಟಾಗಿ ಬೇಡ. ಬರೀ ಬೆರಕೆಗೂ ಪರಂಪರೆಯ ತಿಳಿವಳಿಕೆಗೂ ಪೇಟೆಂಟ್ ಇಲ್ಲವೆಂದು ಕಾನೂನೇ ಹೇಳಿರುವುದರಿಂದ ಅಜ್ಜಿಯ ಸಾಂಬಾರು ಪುಡಿ ಅಲ್ಲಿ ನಡೆಯದು.

ಹೆಸರಿನ ಪರೀಕ್ಷಕರು ಮುಖ್ಯವಾಗಿ ಅರೆದು ಕುಡಿಯಬೇಕಾದದ್ದು 1999ರ ಟ್ರೇಡ್‌ಮಾರ್ಕ್ ಕಾಯಿದೆಯ ಎರಡು ಕಲಮುಗಳನ್ನು. 9ನೆಯದು ಹೆಸರಿನ ಯೋಗ್ಯತೆ ನೋಡುತ್ತದೆ. ಊರನ್ನೋ ಗುಣವನ್ನೋ ಮಾತ್ರ ಹೇಳುವ ಹೆಸರು ಸುಲಭದಲ್ಲಿ ಸಿಗದು. ಬರೀ 'ಉಡುಪಿ' ಎಂಬುದನ್ನು ಒಬ್ಬರಿಗೇ ಬರೆದುಕೊಟ್ಟರೆ ನಮ್ಮಲ್ಲಿ ಅರ್ಧ ಜನ ಬೋರ್ಡು ಇಳಿಸಬೇಕಾದೀತು!

11ನೆಯದು ಹೋಲಿಕೆಯ ಕಲಂ. ಇಲ್ಲೇ ನಾವು ಸಿಕ್ಕಿಬಿದ್ದದ್ದು. ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಲ್ಲ. ಅರೆಬರೆ ನೆನಪಿನ ಸಾಮಾನ್ಯ ಗಿರಾಕಿಯ ಕಿವಿಗೆ ಎರಡೂ ಒಂದೇ ಎನಿಸುತ್ತದೆಯೇ ಎಂದು ನೋಡಬೇಕು. 1962ರಲ್ಲಿ ಸುಪ್ರೀಂ ಕೋರ್ಟು 'ಅಮೃತಧಾರಾ', 'ಲಕ್ಷ್ಮಣಧಾರಾ' ಎಂಬ ಔಷಧಿಗಳ ಹೆಸರನ್ನು ಹೀಗೆಯೇ ತೂಗಿ, ಗೊಂದಲವಾಗುತ್ತದೆ ಎಂದಿತು. ಆದರೂ ಅಮೃತಧಾರಾದವರು ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದರೆಂದು ಲಕ್ಷ್ಮಣಧಾರಾಕ್ಕೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ಸಿಕ್ಕಿತು. ಸುಮ್ಮನಿದ್ದದ್ದಕ್ಕೆ ತೆತ್ತ ಬೆಲೆ ಅದು.

ಉತ್ತರಿಸಲು ನಮಗಿದ್ದದ್ದು 30 ದಿನ. ಗಡುವಿನೊಳಗೆ ಉತ್ತರ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ. ಮೊದಲಿನಿಂದ ಬಳಸಿದ್ದೇವೆ ಎನ್ನುವವರು ಅಫಿಡವಿಟ್ಟಿನ ಜೊತೆ ಪುರಾವೆಯನ್ನೂ ಕೊಡಬೇಕು. ನಮ್ಮ ಹಳೆಯ ಬಿಲ್ಲುಗಳು 2005ರ ಜುಲೈ 26ರ ನೆರೆಯಲ್ಲಿ ಗೋಡೌನಿನೊಳಗೆ ಮುದ್ದೆಯಾಗಿದ್ದವು. ಹಳೇ ಲೈಸೆನ್ಸಿನಲ್ಲಿ ನಮ್ಮ ಹೆಸರಿತ್ತು, ಹೋಟೆಲಿನ ಹೆಸರೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು 1998ರ ಗಣೇಶೋತ್ಸವದ ಸ್ಮರಣ ಸಂಚಿಕೆ. ಕನ್ನಡ ಸಂಘದವರ ಒತ್ತಾಯಕ್ಕೆ ಗೊಣಗುತ್ತಲೇ ಐನೂರು ರೂಪಾಯಿ ಕೊಟ್ಟು ಹಾಕಿಸಿದ್ದ ಅರ್ಧ ಪುಟದ ಜಾಹೀರಾತು ಅದರಲ್ಲಿತ್ತು. ಹೋಟೆಲಿನ ಹೆಸರು, ವಿಳಾಸ, ಇಸವಿ ಎಲ್ಲವೂ ಅಚ್ಚಾಗಿದ್ದವು.

ಆ ಸಂಚಿಕೆಯನ್ನು ಜೋಡಿಸಿ ಉತ್ತರ ಕೊಟ್ಟ ಮೇಲೆ ಅರ್ಜಿ ಮುಂದೆ ಹೋಗಿ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಆ ನಾಲ್ಕು ತಿಂಗಳು ಅಂಚೆಯವ ಗಲ್ಲದ ಹತ್ತಿರ ಬಂದಾಗಲೆಲ್ಲ ನಮ್ಮ ಎದೆ ಡವಡವ ಎನ್ನುತ್ತಿತ್ತು. ಯಾರೂ ಬರಲಿಲ್ಲ. ಹೋಟೆಲಿನವರಿಗೆ ಬೇಕಾದದ್ದು 43ನೇ ವರ್ಗ. ಸಿಕ್ಕಿದ ಹಕ್ಕು 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಆ ಸಂಚಿಕೆ ಈಗ ನಮ್ಮ ಬ್ಯಾಂಕ್ ಲಾಕರಿನಲ್ಲಿದೆ.